ಓದುಗರ ಪ್ರಶ್ನೆ: ಜಪಾನಿನಿಂದ ಚಾಕು ತರಿಸುವುದಾದರೆ ಯಾವುದು?

ಪ್ರಶ್ನೆ: ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಊರಿಗೆ ಬರುವಾಗ ಅಡುಗೆಗೆ ಒಂದು ಜಪಾನಿ ಚಾಕು ತರುತ್ತೇನೆ ಅಂತಿದ್ದಾನೆ. 15,000 ಯೆನ್‌ವರೆಗೆ ಖರ್ಚು ಮಾಡಬಹುದಂತೆ. ಸಾಂತೋಕು, ಗ್ಯೂತೊ, ನಕಿರಿ ಎಂದು ಮೂರು ಬಗೆಯ ಫೋಟೊ ಕಳಿಸಿದ್ದಾನೆ. ನಮ್ಮಲ್ಲಿ ಹೆಚ್ಚಾಗಿ ತರಕಾರಿ ಅಡುಗೆ, ವಾರಕ್ಕೊಮ್ಮೆ ಮೀನು ಇಲ್ಲವೇ ಕೋಳಿ. ಇಷ್ಟು ದಿನ ಈಳಿಗೆ ಮಣೆ ಮತ್ತು ಒಂದು ಸಣ್ಣ ಸ್ಟೀಲ್ ಚಾಕುವಿನಲ್ಲೇ ಕಳೆದಿದ್ದೇನೆ. ಯಾವುದನ್ನು ತರಲು ಹೇಳಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಂತೋಕು ತರಲು ಹೇಳಿ. ಅಲಗಿನ ಉದ್ದ 165ರಿಂದ 180 ಮಿ.ಮೀ. ಇರಲಿ. ಸ್ಟೇನ್‌ಲೆಸ್ ಆಗಿರಲಿ, ಎರಡೂ ಬದಿ ಮಸೆದದ್ದಾಗಿರಲಿ. ಅಂಗಡಿಯಲ್ಲಿ ಮಗ ಇಷ್ಟು ಹೇಳಿದರೆ ಸಾಕು.

ಮೂರರಲ್ಲಿ ಇದೇ ಯಾಕೆ? ಗ್ಯೂತೊ ಅಂದರೆ ಯುರೋಪಿನ ಶೆಫ್ ಚಾಕುವಿನ ಜಪಾನಿ ರೂಪ. ಜಪಾನಿನಲ್ಲಿ ಮಾಂಸದ ಅಡುಗೆ ಬಳಕೆಗೆ ಬಂದ ಮೇಲೆ ಹುಟ್ಟಿದ್ದು. ಸಾಮಾನ್ಯವಾಗಿ 210 ಅಥವಾ 240 ಮಿ.ಮೀ. ಇರುತ್ತದೆ, ತುದಿ ಚೂಪು, ಬಾಯಿ ಬಾಗಿರುತ್ತದೆ. ದೊಡ್ಡ ಕಟ್ಟೆ, ದೊಡ್ಡ ಹಲಗೆ ಇದ್ದವರಿಗೆ ಅದು ಸೊಗಸು. ನಮ್ಮ ಮನೆಗಳಲ್ಲಿ ಸ್ಟವ್ ಪಕ್ಕದ ಒಂದು ಅಡಿ ಜಾಗದಲ್ಲೇ ಅರ್ಧ ಅಡುಗೆ ಆಗುತ್ತದೆ ಅಲ್ವಾ, ಅಲ್ಲಿ 240 ಮಿ.ಮೀ. ಚಾಕು ಹಿಡಿದರೆ ಮೊಣಕೈಗೆ ಮಿಕ್ಸಿ ತಾಗುತ್ತದೆ. ನಕಿರಿ ಬರೀ ತರಕಾರಿಗೆ ಮಾಡಿದ್ದು. ಆಯತದ ಆಕಾರ, ಬಾಯಿ ಹೆಚ್ಚುಕಡಿಮೆ ನೇರ. ಎಲೆಕೋಸು, ಹುರುಳಿಕಾಯಿ, ಸೊಪ್ಪು ಹೆಚ್ಚಲು ಇದನ್ನು ಮೀರಿಸಿದ್ದಿಲ್ಲ. ನೀವು ಪೂರ್ತಿ ಸಸ್ಯಾಹಾರಿಗಳಾಗಿದ್ದರೆ ಕಣ್ಣು ಮುಚ್ಚಿ ನಕಿರಿ ಅನ್ನುತ್ತಿದ್ದೆ. ಆದರೆ ಅದಕ್ಕೆ ಚೂಪು ತುದಿಯೇ ಇಲ್ಲ. ಕೋಳಿಯ ಎದೆ ಭಾಗದಿಂದ ಪೊರೆ ಬಿಡಿಸಲು, ಮೀನಿನ ಹೋಳು ಸರಿಮಾಡಲು ತುದಿ ಬೇಕಾಗುತ್ತದೆ. ಸಾಂತೋಕು ಇವೆರಡರ ನಡುವಿನದು. ಎರಡನೇ ಮಹಾಯುದ್ಧದ ನಂತರ ಜಪಾನಿನ ಮನೆಮನೆಗೂ ಹೋದದ್ದು ಇದೇ ಕಾರಣಕ್ಕೆ. ಅಲಗು ಅಗಲವಾಗಿರುವುದರಿಂದ ಬೆರಳ ಗೆಣ್ಣು ಹಲಗೆಗೆ ಬಡಿಯುವುದಿಲ್ಲ. ಹೆಚ್ಚಿದ್ದನ್ನು ಅದರ ಮೇಲೇ ಎತ್ತಿ ಬಾಣಲೆಗೆ ಹಾಕಬಹುದು. ಹಾಗೆ ಎತ್ತುವಾಗ ಹಲಗೆಯ ಮೇಲೆ ಚಾಕುವಿನ ಬಾಯಿಯಿಂದ ಗುಡಿಸಬೇಡಿ, ಬೆನ್ನಿನಿಂದ ಗುಡಿಸಿ.

ಈಗ ಉಕ್ಕಿನ ಮಾತು. ಅಂಗಡಿಯವರು ಬಿಳಿ ಉಕ್ಕು, ನೀಲಿ ಉಕ್ಕು ಅನ್ನುತ್ತಾರೆ. ಶಿರೊಗಾಮಿ, ಆವೊಗಾಮಿ ಅಂತಲೂ ಕರೆಯುತ್ತಾರೆ. ಎರಡೂ ತುಕ್ಕು ಹಿಡಿಯುವ ಕಾರ್ಬನ್ ಉಕ್ಕುಗಳು. ಹರಿತ ಅದ್ಭುತ, ಮಸೆಯುವುದೂ ಸಲೀಸು, ಬಾಣಸಿಗರು ಇಷ್ಟಪಡುವುದು ಅದಕ್ಕೇ. ಆದರೆ ಹಳೆಯ ಈಳಿಗೆ ಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಏನಾಗುತ್ತಿತ್ತು ನೆನಪಿದೆಯಲ್ಲ? ಅಲಗೂ ಕಪ್ಪು, ಕಾಯಿಯೂ ಕಪ್ಪು. ಇಲ್ಲೂ ಅದೇ. ಮಾವಿನಕಾಯಿ, ನಿಂಬೆ, ಟೊಮೆಟೊ, ಈರುಳ್ಳಿ ಯಾವುದನ್ನು ಹೆಚ್ಚಿದರೂ ಆಗಲೇ ತೊಳೆದು ಒರೆಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಂದು ರಾತ್ರಿ ಸಿಂಕ್‌ನಲ್ಲಿ ಬಿಟ್ಟರೆ ಬೆಳಿಗ್ಗೆ ಕೆಂಪು ತುಕ್ಕು ಗ್ಯಾರಂಟಿ. ಸುಮ್ನೆ ಯಾಕೆ ತಲೆನೋವು?

ನಿಮಗೆ ವಿಜಿ-10 ಉಕ್ಕು ಸರಿ. ಇದು ಫುಕುಯಿ ಪ್ರಾಂತ್ಯದ ಟಕೆಫು ಕಂಪನಿಯದು. ಸುಮಾರು 1% ಕಾರ್ಬನ್, 15% ಕ್ರೋಮಿಯಂ, ಜೊತೆಗೆ ಸ್ವಲ್ಪ ಕೋಬಾಲ್ಟ್ ಇರುವ ಸ್ಟೇನ್‌ಲೆಸ್. ರಾಕ್‌ವೆಲ್ ಅಳತೆಯಲ್ಲಿ ಇದರ ಗಡಸು 60ರ ಆಸುಪಾಸು, ಜರ್ಮನ್ ಚಾಕುಗಳದ್ದು ಸಾಮಾನ್ಯವಾಗಿ 56ರಿಂದ 58. ಉಕ್ಕು ಗಟ್ಟಿಯಿದ್ದರೆ ಬಾಯಿಯನ್ನು ತೆಳುವಾಗಿ ಮಸೆಯಬಹುದು, ಹರಿತ ಜಾಸ್ತಿ ದಿನ ನಿಲ್ಲುತ್ತದೆ. ಎಯುಎಸ್-10, ಗಿನ್‌ಸಾನ್ ಎಂಬ ಉಕ್ಕುಗಳೂ ಚೆನ್ನಾಗಿವೆ. ನೀಗಾತಾ ಪ್ರಾಂತ್ಯದ ತೋಜಿರೊ ಕಂಪನಿಯ ಮೂರು ಪದರದ (ನಡುವೆ ಗಟ್ಟಿ ಉಕ್ಕು, ಎರಡೂ ಬದಿಗೆ ಮೆದು ಉಕ್ಕು) ಸಾಂತೋಕು ಈ ದರ್ಜೆಯದು. ಮೊದಲ ಜಪಾನಿ ಚಾಕು ಕೊಳ್ಳುವವರಿಗೆ ಬಹಳ ಜನ ಅದನ್ನೇ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಗಟ್ಟಿ ಉಕ್ಕಿಗೆ ಒಂದು ದೌರ್ಬಲ್ಯವೂ ಇದೆ. ಮೆದು ಉಕ್ಕು ಬಾಗುತ್ತದೆ, ಗಟ್ಟಿ ಉಕ್ಕು ಚಕ್ಕೆ ಏಳುತ್ತದೆ. ಹಾಗಾಗಿ ಈ ಚಾಕುವಿನಲ್ಲಿ ತೆಂಗಿನಕಾಯಿ ಒಡೆಯುವುದು, ಕೊಬ್ಬರಿ ಎಬ್ಬುವುದು, ಕೋಳಿಯ ಮೂಳೆ, ಬಂಗುಡೆಯ ತಲೆ ಕತ್ತರಿಸುವುದು, ಫ್ರೀಜರ್‌ನಿಂದ ತೆಗೆದದ್ದನ್ನು ಹಾಗೇ ಹೆಚ್ಚುವುದು ಯಾವುದೂ ಕೂಡದು. ಸಿಹಿಗುಂಬಳ, ಸುವರ್ಣಗೆಡ್ಡೆಯೂ ಅಪಾಯವೇ. ಅರ್ಧಕ್ಕೆ ಹೋಗಿ ಚಾಕು ಸಿಕ್ಕಿಕೊಳ್ಳುತ್ತದೆ, ನಾವು ಅದನ್ನು ಅತ್ತಿತ್ತ ತಿರುಚುತ್ತೇವೆ, ಅಷ್ಟೊತ್ತಿಗೆ ಬಾಯಿಯಿಂದ ಒಂದು ಚೂರು ಹಾರಿರುತ್ತದೆ. ಇಂಥ ಕೆಲಸಕ್ಕೆ ಈಳಿಗೆ ಮಣೆ ಇರಲಿ, ಅಟ್ಟಕ್ಕೆ ಹಾಕಬೇಡಿ. ಹಲಸಿನಕಾಯಿಯ ಮೇಣವೂ ಅದಕ್ಕೇ ಇರಲಿ.

ಹಲಗೆಯ ವಿಷಯ ಯಾರೂ ಕೇಳುವುದಿಲ್ಲ, ಚಾಕು ಹಾಳಾಗುವುದು ಮಾತ್ರ ಅಲ್ಲೇ. ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆ, ಗಾಜಿನ ಹಲಗೆ ಮೂರೂ ಬೇಡ. ಕಟ್ಟೆಯ ಮೇಲೆ ನಾಲ್ಕು ಟೊಮೆಟೊ ಹೆಚ್ಚಿದರೂ ಸಾಕು, ಬಾಯಿ ಮೊಂಡಾಗುತ್ತದೆ. ಮರದ ಹಲಗೆ ಒಳ್ಳೆಯದು, ಮೆದು ಪ್ಲಾಸ್ಟಿಕ್ ಆದರೂ ಅಡ್ಡಿಯಿಲ್ಲ. ಈಳಿಗೆ ಮಣೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿ ಚಲಿಸುತ್ತದೆ. ಇಲ್ಲಿ ಎಲ್ಲ ಉಲ್ಟಾ. ಮೊದಲ ವಾರ ನಿಧಾನಕ್ಕೆ ಸಾಗಿ, ಕಾಯಿ ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿಟ್ಟುಕೊಳ್ಳಿ. ಚಾಕುವನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತ ಇಳಿಸಿ, ಕುಟ್ಟಬೇಡಿ.

15,000 ಯೆನ್ ಪೂರ್ತಿ ಚಾಕುವಿಗೇ ಸುರಿಯಬೇಡಿ. 10,000ದ ಆಸುಪಾಸಿನ ಚಾಕು ಕೊಂಡು, ಉಳಿದದ್ದರಲ್ಲಿ 1000 ಗ್ರಿಟ್‌ನ, ಅಂದರೆ ಮಧ್ಯಮ ನಯದ, ಮಸೆಯುವ ಕಲ್ಲು ತರಲಿ. ಬೀದಿಯಲ್ಲಿ ಬರುವ ಸಾಣೆಯವರ ಚಕ್ರಕ್ಕೆ ಇದನ್ನು ಕೊಡಬೇಡಿ. ಒಣ ಚಕ್ರದ ಬಿಸಿಗೆ ತೆಳು ಬಾಯಿಯ ಹದ ಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕಲ್ಲನ್ನು ನೆನೆಸಿ, ಚಾಕುವಿನ ಬೆನ್ನನ್ನು ಕಲ್ಲಿನಿಂದ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತಿ ಹಿಡಿಯಿರಿ. ಸಾಂತೋಕುವಿನ ಅಗಲಕ್ಕೆ ಅದು ಸುಮಾರು 15 ಡಿಗ್ರಿ ಆಗುತ್ತದೆ. ಒಂದು ಬದಿ ಉಜ್ಜಿದಾಗ ಇನ್ನೊಂದು ಬದಿಯಲ್ಲಿ ಬೆರಳಿಗೆ ಸಣ್ಣ ಒರಟು ಸಿಗಬೇಕು, ಆಗ ತಿರುಗಿಸಿ. ಎರಡು ಮೂರು ತಿಂಗಳಿಗೊಮ್ಮೆ ಸಾಕು.

ಒಸಾಕಾದಲ್ಲಿ ಎಲ್ಲಿ ಕೊಳ್ಳುವುದು? ನಂಬಾ ಹತ್ತಿರದ ದೊಗುಯಾಸುಜಿ ಬೀದಿಯ ತುಂಬ ಅಡುಗೆ ಸಾಮಾನಿನ ಅಂಗಡಿಗಳಿವೆ. ಪಕ್ಕದ ಸಾಕಾಯ್ ನಗರ ಚಾಕುಗಳಿಗೇ ಹೆಸರಾದದ್ದು. ಅಲ್ಲಿ ಕಬ್ಬಿಣ ಬಡಿಯುವವರು ಬೇರೆ, ಬಾಯಿ ಮಸೆಯುವವರು ಬೇರೆ, ಹಿಡಿ ಕೂಡಿಸುವವರು ಬೇರೆ. ನೋಡಲೇಬೇಕಾದ ಊರು. ಆದರೆ ಅಲ್ಲಿನ ಹೆಗ್ಗಳಿಕೆ ಮೀನಿಗೆಂದೇ ಮಾಡಿದ ದೆಬಾ, ಯಾನಾಗಿಬಾದಂಥ ಒಂದೇ ಬದಿ ಮಸೆದ ಚಾಕುಗಳು. ಮಗ ಮರುಳಾಗಿ ಅದನ್ನು ತಂದರೆ ನಿಮ್ಮ ಕ್ಯಾರೆಟ್ ನೇರವಾಗಿ ಹೋಳಾಗುವುದಿಲ್ಲ, ಚಾಕು ಒಂದು ಕಡೆಗೆ ಎಳೆಯುತ್ತದೆ.

ಪ್ರಶ್ನೆ: ಅಲಗಿನ ಮೇಲೆ ಅಲೆಅಲೆ ವಿನ್ಯಾಸ ಇರುವ ಡಮಾಸ್ಕಸ್ ಚಾಕುವಿಗೆ ಬೆಲೆ ಜಾಸ್ತಿ. ಹರಿತವೂ ಜಾಸ್ತಿಯೇ?

ಉತ್ತರ: ಇಲ್ಲ. ಅಲೆ ಇರುವುದು ಹೊರಗಿನ ಪದರಗಳಲ್ಲಿ, ಕತ್ತರಿಸುವುದು ನಡುವಿನ ಉಕ್ಕು. ಚೆಂದಕ್ಕೆ ಬೇಕಿದ್ದರೆ ಕೊಳ್ಳಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಕೆಲವು ಚಾಕುಗಳಲ್ಲಿ ಆ ಅಲೆಯನ್ನು ಮೇಲಿಂದ ಲೇಸರ್‌ನಲ್ಲಿ ಬರೆದಿರುತ್ತಾರೆ. ‘ಜಪಾನೀಸ್ ಸ್ಟೈಲ್’ ಎಂದಷ್ಟೇ ಬರೆದು ಉಕ್ಕಿನ ಹೆಸರನ್ನೂ ತಯಾರಾದ ಜಾಗವನ್ನೂ ಹೇಳದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ನಾನು ಎಡಗೈಯವಳು. ನನಗೆ ಬೇರೆ ಚಾಕು ಬೇಕೇ?

ಉತ್ತರ: ಎರಡೂ ಬದಿ ಸಮವಾಗಿ ಮಸೆದ ಸಾಂತೋಕು, ನಕಿರಿ ಆದರೆ ಬೇಡ. ಮರದ ಹಿಡಿ ಎಂಟು ಮೂಲೆಯದ್ದಾಗಿರಲಿ. ಬಲಗೈಗೆ ತಕ್ಕಂತೆ ಒಂದು ಕಡೆ ಏಣು ಬಿಟ್ಟ ಹಿಡಿಗಳೂ ಇವೆ, ಅವು ನಿಮ್ಮ ಬೆರಳಿಗೆ ಒತ್ತುತ್ತವೆ. ಒಂದೇ ಬದಿ ಮಸೆದ ಚಾಕು ಬೇಕೆಂದರೆ ಎಡಗೈಗೆಂದೇ ಮಾಡಿದ್ದನ್ನು ಕೇಳಿ ಕೊಳ್ಳಬೇಕು, ಅದಕ್ಕೆ ಬೆಲೆಯೂ ಹೆಚ್ಚು.