ಬಾಸ್ ಕಟ್ ಒತ್ತುವ ಮುಂಚೆ ಮೈಕಿನಿಂದ ಬಾಯಿ ಎಷ್ಟು ದೂರದಲ್ಲಿದೆ ನೋಡಿ

ಮೈಕಿನಲ್ಲಿ ರೆಕಾರ್ಡ್ ಮಾಡಿದ ದನಿ ಗುಂಯ್ ಅನ್ನುತ್ತಿದೆ, ಬಾಸ್ ಕಟ್ (ತಗ್ಗಿನ ಸ್ವರ ಇಳಿಸುವ ಸ್ವಿಚ್ಚು) ಹಾಕಿ ಪ್ರೆಸೆನ್ಸ್ (ಮಾತು ಸ್ಪಷ್ಟವಾಗಲು ಮೇಲಿನ ಸ್ವರ ಎತ್ತುವ ಸ್ವಿಚ್ಚು) ಏರಿಸಿದರೂ ಸರಿಹೋಗಲಿಲ್ಲ, ಈಗ ಪ್ಯಾಟರ್ನ್ (ಮೈಕು ಯಾವ ದಿಕ್ಕಿನ ಸದ್ದು ಹಿಡಿಯಬೇಕು ಎಂಬ ಆಯ್ಕೆ) ಬದಲಿಸಲಾ ಅಂತ ಕೇಳಿದ್ದೀರಿ. ನಾನೂ ಈ ದಾರಿಯಲ್ಲೇ ಬಂದವನು. ಬದಲಿಸಬೇಡಿ. ಆ ಎರಡೂ ಸ್ವಿಚ್ಚುಗಳನ್ನು ಮೊದಲು ಫ್ಲ್ಯಾಟ್‌ಗೆ, ಅಂದರೆ ಏನನ್ನೂ ಏರಿಸದ, ಇಳಿಸದ ಸ್ಥಿತಿಗೆ ತನ್ನಿ. ನಿಮ್ಮ ತೊಂದರೆ ಸೆಟ್ಟಿಂಗಿನದಲ್ಲ, ಅಂತರದ್ದು.

ಕಾರ್ಡಿಯಾಯ್ಡ್ (ಮುಂದಿನ ಸದ್ದು ಹಿಡಿದು ಹಿಂದಿನದನ್ನು ಬಿಡುವ) ಮೈಕು ಡಯಾಫ್ರಮ್ಮಿನ (ಸದ್ದಿಗೆ ಅದುರುವ ತೆಳು ಪೊರೆಯ) ಮುಂದಿನ, ಹಿಂದಿನ ಒತ್ತಡಗಳ ವ್ಯತ್ಯಾಸವನ್ನು ಹಿಡಿಯುತ್ತದೆ. ಬಾಯಿ ತೀರಾ ಹತ್ತಿರ ಬಂದರೆ ಆ ವ್ಯತ್ಯಾಸ ತಗ್ಗಿನ ಸ್ವರಗಳಲ್ಲಿ ವಿಪರೀತ ದೊಡ್ಡದಾಗಿ ಬಾಸ್ ಉಬ್ಬುತ್ತದೆ. ಇದೇ ಪ್ರಾಕ್ಸಿಮಿಟಿ ಎಫೆಕ್ಟ್. ಇದನ್ನು ಸ್ವಿಚ್ಚಿನಿಂದ ತೊಳೆಯಲು ಹೋಗುವುದೇ ರೆಕಾರ್ಡಿಂಗ್ ಕೆಡಿಸುವ ತಪ್ಪು. ಯಾಕೆ ಅಂದರೆ, ಬಾಸ್ ಕಟ್ ಸಾಮಾನ್ಯವಾಗಿ 80 ಹರ್ಟ್ಸ್ ಆಸುಪಾಸಿನಿಂದ ಕೆಳಕ್ಕೆ ಇಳಿಸುತ್ತದೆ. ಮಾತನ್ನು ಮಂಕು ಮಾಡುವ ಉಬ್ಬು ಇರುವುದು ಬಹುಪಾಲು 150ರಿಂದ 300ರವರೆಗೆ. ಎಕೆಜಿ ಸಿ414 ಎಂಬ ಮೈಕಿನಲ್ಲಿ ಬಾಸ್ ಕಟ್‌ಗೆ 40, 80, 160 ಹರ್ಟ್ಸ್ ಅಂತ ಮೂರು ಆಯ್ಕೆಗಳಿವೆ. ಗಂಡಸಿನ ದನಿಗೆ 160 ಹಾಕಿದರೆ ಮಾತಿನ ತೂಕವೇ ಹೋಗುತ್ತದೆ. ಅದರ ಮೇಲೆ ಪ್ರೆಸೆನ್ಸ್ ಏರಿಸಿದರೆ ಸ, ಶ ಕಿವಿಗೆ ಚುಚ್ಚುತ್ತವೆ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಓದುವಾಗ ತಲೆ ಅಲುಗುತ್ತದೆ. 5 ಸೆಂ.ಮೀ.ಯಲ್ಲಿ ದನಿ ದಪ್ಪ, 15ರಲ್ಲಿ ತೆಳು. ಸ್ವಿಚ್ಚು ಎರಡಕ್ಕೂ ಒಂದೇ ಸಮ ಕತ್ತರಿಸುತ್ತದೆ. ಹೀಗಾಗಿ ಸಾಲುಸಾಲಿಗೂ ಬಣ್ಣ ಬದಲಾದ ದನಿ ಉಳಿಯುತ್ತದೆ. ಆಮೇಲೆ ಒಂದೇ ಈಕ್ಯೂನಲ್ಲಿ (ಸ್ವರಗಳ ಮಟ್ಟ ಏರಿಳಿಸುವ ಸೆಟ್ಟಿಂಗಿನಲ್ಲಿ) ಅದನ್ನು ಸರಿಪಡಿಸುವುದು ಆಗದ ಮಾತು.

ಬಾಯಿಗೂ ಮೈಕಿಗೂ ಒಂದು ಗೇಣು, ಸುಮಾರು 20 ಸೆಂ.ಮೀ. ಬಿಡಿ. ಈ ದೂರದಲ್ಲಿ ತಲೆ ಒಂದಿಷ್ಟು ಆಡಿದರೂ ದನಿ ಅಷ್ಟಾಗಿ ಬದಲಾಗುವುದಿಲ್ಲ. 10ರಿಂದ 20ಕ್ಕೆ ಸರಿದರೆ ಮಟ್ಟ ಸುಮಾರು 6 ಡಿಬಿ (ಡೆಸಿಬೆಲ್) ಇಳಿಯುತ್ತದೆ, ಅಷ್ಟು ಗೇನ್ (ಮೈಕಿನ ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿ. ಮೈಕನ್ನು ಬಾಯಿಯ ನೇರಕ್ಕಿಡದೆ ಮೂಗಿನ ಮಟ್ಟದಲ್ಲಿಟ್ಟು ಬಾಯಿಯತ್ತ ಬಗ್ಗಿಸಿ; ಪ, ಬ, ಫಗಳ ಗಾಳಿ ಕೆಳಗೆ ಹಾದುಹೋಗುತ್ತದೆ. ಆದರೂ ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಪರದೆ) ಇರಲಿ. ದೊಡ್ಡ ಡಯಾಫ್ರಮ್ಮಿನ ಹೆಚ್ಚಿನ ಮೈಕುಗಳು ತುದಿಯಿಂದಲ್ಲ, ಪಕ್ಕದಿಂದ ಕೇಳುತ್ತವೆ, ಅದನ್ನೂ ಒಮ್ಮೆ ಖಚಿತ ಮಾಡಿಕೊಳ್ಳಿ.

ಆಮ್ನಿಗೆ (ಎಲ್ಲ ದಿಕ್ಕಿನ ಸದ್ದು ಹಿಡಿಯುವ ಪ್ಯಾಟರ್ನ್) ಹಾಕಿದರೆ ಗುಂಯ್ ಹೋಗುತ್ತದೆ, ನಿಜ. ಅದಕ್ಕೆ ಪ್ರಾಕ್ಸಿಮಿಟಿ ಎಫೆಕ್ಟೇ ಇಲ್ಲ. ಆದರೆ ಕೋಣೆಯ ಮಾರ್ದನಿ ಪೂರ್ತಿ ಒಳಬರುತ್ತದೆ. ಫಿಗರ್-8ರಲ್ಲಿ (ಮುಂದೆ, ಹಿಂದೆ ಎರಡೂ ಕಡೆಯಿಂದ ಹಿಡಿಯುವ ಪ್ಯಾಟರ್ನ್) ಬಾಸ್ ಇನ್ನೂ ಹೆಚ್ಚು ಉಬ್ಬುತ್ತದೆ. ಎದುರುಬದುರು ಕೂತ ಇಬ್ಬರಿಗೆ ಮಾತ್ರ ಅದು ಸರಿ. ಒಬ್ಬರೇ ಮಾತಾಡುವಾಗ ಕಾರ್ಡಿಯಾಯ್ಡೇ ಇರಲಿ, ಅದರ ಬೆನ್ನನ್ನು ಫ್ಯಾನಿನ ಕಡೆಗೆ ತಿರುಗಿಸಿ. ಹೈಪರ್‌ಕಾರ್ಡಿಯಾಯ್ಡಿಗೆ (ಮುಂದಿನ ಸದ್ದನ್ನು ಇನ್ನೂ ಕಿರಿದಾದ ಕೋನದಿಂದ ಹಿಡಿಯುವ ಪ್ಯಾಟರ್ನ್) ಈ ಲೆಕ್ಕ ನಡೆಯದು. ಅದರ ಕಿವುಡು ಕೋನ ಮುಂಭಾಗದಿಂದ ಸುಮಾರು 110 ಡಿಗ್ರಿಯಲ್ಲಿದೆ, ನೇರ ಹಿಂದಿನದು ಅದಕ್ಕೆ ಕೇಳಿಸುತ್ತದೆ.

ಬಾಸ್ ಕಟ್ ಬೇಕಾಗುವುದು ಮೇಜಿನ ಅದುರು, ರಸ್ತೆಯ ಗಡಗಡ ಪ್ರೀಆಂಪ್‌ಗೆ (ಮೈಕಿನ ಸಿಗ್ನಲ್ ಹಿಗ್ಗಿಸುವ ಭಾಗ) ಮುಟ್ಟದಂತೆ ತಡೆಯಲು. ಅಂಥದ್ದಿಲ್ಲದಿದ್ದರೆ ಸಾಫ್ಟ್‌ವೇರಿನಲ್ಲೇ ಕತ್ತರಿಸಿ, ಹಿಂದಕ್ಕೆ ಹೋಗಲು ದಾರಿ ಇರುತ್ತದೆ. ಮಾತಿಗೆ ಪ್ಯಾಡ್ (ಮೈಕಿನ ಸಿಗ್ನಲ್ ಮಟ್ಟ ತಗ್ಗಿಸುವ ಸ್ವಿಚ್ಚು) ಬೇಡ, ಬರೀ ಹಿಸ್ (ಸುಯ್ ಎನ್ನುವ ಹಿನ್ನೆಲೆ ಸದ್ದು) ಹೆಚ್ಚುತ್ತದೆ.

ಒಂದೇ ವಾಕ್ಯವನ್ನು 10, 20, 30 ಸೆಂ.ಮೀ.ಯಲ್ಲಿ ರೆಕಾರ್ಡ್ ಮಾಡಿ, ಮಟ್ಟ ಸಮ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. 30ರಲ್ಲೂ ಗುಂಯ್ ಉಳಿದರೆ ತೊಂದರೆ ಕೋಣೆಯದು. ಮೈಕನ್ನು ಮೂಲೆಯಿಂದ, ಗೋಡೆಯಿಂದ ದೂರ ತನ್ನಿ.