ರಜೆಗೆ ಯಾವ ಪುಸ್ತಕ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರಜೆಗೆ ಊರಿಗೆ ಹೊರಟಾಗಲೆಲ್ಲ ಐದಾರು ಪುಸ್ತಕ ಬ್ಯಾಗಿಗೆ ತುಂಬುತ್ತೇನೆ. ಒಂದೂ ಮುಗಿಯುವುದಿಲ್ಲ. ಹತ್ತು ದಿನಕ್ಕೆ ಎಷ್ಟು ಸಾಕು? ಆರಿಸುವುದು ಹೇಗೆ?
(ಓದುಗರು, ಹಾಸನ)

ಉತ್ತರ: ಎರಡು ಸಾಕು, ಅದರಲ್ಲೂ ಒಂದು ತೆಳ್ಳಗಿರಲಿ. ಲೆಕ್ಕ ಹೀಗೆ. ಹೊರಡುವ ಮೊದಲು ಒಂದು ಸಂಜೆ ಫೋನ್ ಆಚೆ ಇಟ್ಟು 20 ನಿಮಿಷ ಕಾದಂಬರಿ ಓದಿ, ಎಷ್ಟು ಪುಟ ಸಾಗಿತೆಂದು ನೋಡಿ. ಹತ್ತು ಪುಟವಾದರೆ ಗಂಟೆಗೆ 30. ಊರಿನಲ್ಲಿ ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೆ ಅದೇ ದೊಡ್ಡದು, ಅಂದರೆ 45 ಪುಟ. ಹೋಗುವ ದಿನ, ಬರುವ ದಿನ ಕಳೆದರೆ ಎಂಟು ದಿನಕ್ಕೆ 360 ಪುಟ. ನೆಂಟರು, ನಾಮಕರಣ, ಮಧ್ಯಾಹ್ನದ ನಿದ್ದೆ ಎಂದು ಕಾಲುಭಾಗ ಹೋದರೆ ಉಳಿಯುವುದು 270. ಅದರಲ್ಲಿ 170 ಪುಟದ ಒಂದು ಕಾದಂಬರಿ ಮತ್ತು ನೂರು ಪುಟದ ಕತೆ ಅಥವಾ ಲಲಿತ ಪ್ರಬಂಧ ಹಿಡಿಸುತ್ತದೆ. ಎರಡನೆಯದು ಬಿಡಿ ಬರಹಗಳ ಪುಸ್ತಕವೇ ಆಗಿರಲಿ. ನಡುವೆ ಎರಡು ದಿನ ಮುಟ್ಟದಿದ್ದರೂ ಎಳೆ ತಪ್ಪುವುದಿಲ್ಲ.

ತೂಕದ ಲೆಕ್ಕವೂ ಸುಲಭ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮುದ್ರಣದ ವಿವರ ಇರುತ್ತದಲ್ಲ, ಅಲ್ಲಿ ‘ಡೆಮಿ 1/8’ (ಪುಸ್ತಕದ ಅಳತೆ), ‘70 ಜಿಎಸ್‌ಎಂ’ (ಕಾಗದದ ತೂಕ, ಚದರ ಮೀಟರಿಗೆ 70 ಗ್ರಾಂ) ಎಂದಿದ್ದರೆ 200 ಪುಟದ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ. 700 ಪುಟದ್ದು ಮುಕ್ಕಾಲು ಕಿಲೊ, ಗಟ್ಟಿ ರಟ್ಟಾದರೆ ಇನ್ನೂ ಹೆಚ್ಚು. ಮಲಗಿಕೊಂಡು ಓದುವವರ ಮಣಿಕಟ್ಟಿಗೆ ಇದು ಸಣ್ಣ ವಿಷಯವಲ್ಲ.

ಅಂಗಡಿಯಲ್ಲಿ ಆರಿಸುವಾಗ ಬೆನ್ನುಡಿಯನ್ನು ನಂಬಬೇಡಿ, ಅದರಲ್ಲಿ ಬೈದವರು ಯಾರೂ ಇಲ್ಲ. ಮೊದಲ ಪುಟವನ್ನೂ ಪೂರ್ತಿ ನಂಬಬೇಡಿ, ಅದನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ. ನೇರವಾಗಿ 60ನೇ ಪುಟದ ಆಸುಪಾಸು ತೆರೆದು ಎರಡು ಪುಟ ನಿಂತಲ್ಲೇ ಓದಿ. ಯಾರು ಏನು ಎಂದು ಗೊತ್ತಿಲ್ಲದಿದ್ದರೂ ಮೂರನೇ ಪುಟಕ್ಕೆ ಕೈ ಹೋದರೆ ಕೊಳ್ಳಿ. ಇನ್ನೊಂದು ಮಾತು. ನಮ್ಮ ಕಾದಂಬರಿಗಳ ಮುನ್ನುಡಿ ಎಷ್ಟೋ ಸಲ ಹತ್ತು ಹನ್ನೆರಡು ಪುಟ ಇರುತ್ತದೆ, ಕತೆಯ ಕೊನೆಯನ್ನೂ ಹೇಳಿಬಿಟ್ಟಿರುತ್ತದೆ. ಅದನ್ನು ಕೊನೆಗೆ ಓದಿ. ಡಿಸೆಂಬರ್ ರಜೆಯ ಪುಸ್ತಕವನ್ನು ನವೆಂಬರಿನಲ್ಲೇ ಕೊಂಡರೆ ರಾಜ್ಯೋತ್ಸವದ ರಿಯಾಯಿತಿಯೂ ಸಿಗುತ್ತದೆ.

ಪ್ರಶ್ನೆ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಶುರು ಮಾಡಿ ಬಿಟ್ಟಿದ್ದೇನೆ. ಈ ಬಾರಿ ತೀರ್ಥಹಳ್ಳಿ ಕಡೆಗೇ ಹೋಗುತ್ತಿದ್ದೇವೆ. ಒಂದು ವಾರದಲ್ಲಿ ಮುಗಿಸಬಹುದೇ?
(ಓದುಗರು, ಬಳ್ಳಾರಿ)

ಉತ್ತರ: ಅಲ್ಲಿಗೆ ಹೋಗಿ ಶುರು ಮಾಡಿದರೆ ಆಗುವುದಿಲ್ಲ. ಎರಡು ವಾರ ಮೊದಲೇ ಮನೆಯಲ್ಲಿ ಶುರು ಮಾಡಿ. ಈ ಪುಸ್ತಕವನ್ನು ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ನೂರು ಪುಟದೊಳಗೇ ಬಿಟ್ಟಿರುತ್ತಾರೆ. ಕಾರಣ ಎರಡು. ಒಂದು, ಇದಕ್ಕೆ ಒಬ್ಬ ನಾಯಕ, ಒಬ್ಬಳು ನಾಯಕಿ ಅಂತ ಇಲ್ಲ. ‘ನಾಯಿಗುತ್ತಿ’ ಎನ್ನಿಸಿಕೊಂಡ ಆಳು ಗುತ್ತಿಯನ್ನು ಹಿಂಬಾಲಿಸುತ್ತ ಕಾಡಿನ ಹಾದಿ ಹಿಡಿದ ಕತೆ ಮನೆಯಿಂದ ಮನೆಗೆ ಹೋಗುತ್ತದೆ, ಪ್ರತಿ ಮನೆಯಲ್ಲೂ ಒಡೆಯರು, ಆಳುಗಳು, ಮಕ್ಕಳು ಎಂದು ಹೊಸ ಮುಖಗಳು. ಇನ್ನೊಂದು, ಮಾತುಕತೆಯೆಲ್ಲ ಆ ಕಡೆಯ ಆಡುನುಡಿಯಲ್ಲಿದೆ. ಬಳ್ಳಾರಿ ಕಡೆಯ ಕಿವಿಗೆ ಅದು ಒಗ್ಗಲು ಸಮಯ ಬೇಕು.

ಮೊದಲ ತೊಡಕಿಗೆ ಪೋಸ್ಟ್‌ಕಾರ್ಡ್ ಅಳತೆಯ ರಟ್ಟು ತೆಗೆದುಕೊಂಡು ಅದನ್ನೇ ಪುಟಗುರುತು ಮಾಡಿಕೊಳ್ಳಿ. ಪಾತ್ರಗಳನ್ನು ಹೆಸರಿನ ಪ್ರಕಾರ ಬರೆಯಬೇಡಿ, ಮನೆಯ ಪ್ರಕಾರ ಬರೆಯಿರಿ. ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ ಎಂದು ಐದು ಅಂಕಣ ಎಳೆದು, ಸಿಂಬಾವಿಯ ಕೆಳಗೆ ಭರಮೈಹೆಗ್ಗಡೆ ಮತ್ತು ಗುತ್ತಿ, ಕೋಣೂರಿನ ಕೆಳಗೆ ಮುಕುಂದಯ್ಯ, ಹೂವಳ್ಳಿಯ ಕೆಳಗೆ ಚಿನ್ನಮ್ಮ, ಹೀಗೆ ಸಿಕ್ಕ ಹಾಗೆ ಸೇರಿಸುತ್ತ ಹೋಗಿ. ನೂರು ಪುಟ ದಾಟುವ ಹೊತ್ತಿಗೆ ಆ ರಟ್ಟು ನೋಡುವುದೇ ನಿಲ್ಲುತ್ತದೆ. ಎರಡನೆಯ ತೊಡಕಿಗೆ, ಸಂಭಾಷಣೆ ಬಂದಾಗ ಮೊದಲ ಎರಡು ದಿನ ಗಟ್ಟಿಯಾಗಿ ಓದಿ. ಕಣ್ಣಿಗೆ ತಡೆಯುವ ಮಾತು ಕಿವಿಗೆ ಬಿದ್ದ ಕೂಡಲೇ ಅರ್ಥವಾಗುತ್ತದೆ. ನಿಘಂಟು ಪಕ್ಕಕ್ಕಿಡಿ.

ದಿನಕ್ಕೆ 20 ಪುಟದಂತೆ ಎರಡು ವಾರಕ್ಕೆ 280 ಪುಟ ದಾಟಿರುತ್ತೀರಿ. ಕಾಡು, ಗಟ್ಟದ ದಾರಿ, ಮನೆಗಳ ನಡುವಿನ ದೂರ ತಲೆಯಲ್ಲಿ ಕೂತಿರುತ್ತದೆ. ಆಮೇಲೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೊರಟಾಗ ದಾರಿಯಲ್ಲಿ ಮೇಗರವಳ್ಳಿ ಬರುತ್ತದೆ. ಕಾದಂಬರಿಯಲ್ಲಿ ಓದಿದ ಹೆಸರು ರಸ್ತೆಬದಿಯ ಫಲಕದಲ್ಲಿ ಕಂಡಾಗ ಆಗುವ ಖುಷಿ ಪುಸ್ತಕ ಇನ್ನೂ ಅರ್ಧ ಬಾಕಿ ಇದ್ದರೇ ಚೆನ್ನ. ಕುಪ್ಪಳಿಯ ಕವಿಮನೆಗೂ ಹೋಗಿ. ನಡುಅಂಗಳದ ಮನೆ, ಉಪ್ಪರಿಗೆ, ಜಗಲಿ ನೋಡಿದ ಮೇಲೆ ಪುಸ್ತಕದ ಹೆಗ್ಗಡೆ ಮನೆಗಳಲ್ಲಿ ಯಾರು ಎಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ವಾರದಲ್ಲಿ ಮುಗಿಯದಿದ್ದರೆ ಬಳ್ಳಾರಿಯಲ್ಲಿ ಮುಗಿಸಿ, ಅವಸರ ಏನಿದೆ?

ಪ್ರಶ್ನೆ: ಹೋಗುವ ಊರಿಗೆ ಹೊಂದುವ ಪುಸ್ತಕ ಒಯ್ಯುವ ಆಸೆ. ಕೊಡಗು, ಸುಬ್ರಹ್ಮಣ್ಯ, ಹಂಪಿ, ಗೋಕರ್ಣಕ್ಕೆ ಯಾವುದು?
(ಓದುಗರು, ಬೆಂಗಳೂರು)

ಉತ್ತರ: ಕೊಡಗಿಗೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ಹಾಲೇರಿ ವಂಶದ ಕೊನೆಯ ದೊರೆಯ ಕತೆ, ಬ್ರಿಟಿಷರು ಅವನನ್ನು ಇಳಿಸಿದ್ದು 1834ರಲ್ಲಿ. ಮಡಿಕೇರಿಯ ಕೋಟೆ ನೋಡುವ ಮೊದಲೇ ಕಾಲುಭಾಗವಾದರೂ ಓದಿರಿ. ಇಲ್ಲದಿದ್ದರೆ ಕೋಟೆ ಬರೀ ಕಚೇರಿ ಕಟ್ಟಡದಂತೆ ಕಾಣುತ್ತದೆ.

ಸುಬ್ರಹ್ಮಣ್ಯಕ್ಕೆ ಕಾರಂತರ ‘ಬೆಟ್ಟದ ಜೀವ’. ಆ ಕಡೆ ದಾರಿ ತಪ್ಪಿದವನಿಗೆ ಕಾಡಿನ ನಡುವಿನ ಮನೆಯೊಂದು ಆಸರೆ ಕೊಡುವುದರಿಂದ ಶುರುವಾಗುವ ಸಣ್ಣ ಕಾದಂಬರಿ. ಎರಡು ರಾತ್ರಿಗೆ ಮುಗಿಯುತ್ತದೆ. ರಜೆಯ ಓದಿಗೆ ಇದಕ್ಕಿಂತ ಒಳ್ಳೆಯ ಅಳತೆ ನಮಗೆ ಗೊತ್ತಿಲ್ಲ.

ಹಂಪಿಗೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019). ಲಿಸ್ಬನ್ ಮತ್ತು ವಿಜಯನಗರದ ನಡುವೆ ಓಡಾಡುವ ದಪ್ಪ ಪುಸ್ತಕ, ಆದರೆ ಪುಟ ಬೇಗ ಸರಿಯುತ್ತದೆ. ಹಂಪಿಯ ಬಿಸಿಲಿನಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೇಗೂ ಒಳಗೇ ಇರಬೇಕು, ಅಷ್ಟು ಹೊತ್ತಿಗೆ ಸರಿಹೋಗುತ್ತದೆ.

ಗೋಕರ್ಣವೆಂದರೆ ಜಯಂತ ಕಾಯ್ಕಿಣಿ ಎಂದು ಎಲ್ಲರೂ ಹೇಳುತ್ತಾರೆ. ಅವರ ಊರು ಅದೇ, ನಿಜ. ಆದರೆ ಅವರ ಒಳ್ಳೆಯ ಕತೆಗಳಲ್ಲಿ ಬಹಳಷ್ಟು ಮುಂಬೈಯವು. ಕೊಂಕಣ ರೈಲಿನಲ್ಲಿ ಮುಂಬೈಗೆ ಹೋಗುವಾಗ ‘ತೂಫಾನ್ ಮೇಲ್’ ಒಯ್ಯಿರಿ, ಸಮುದ್ರದ ದಂಡೆಗಲ್ಲ. ದಂಡೆಯಲ್ಲಿ ಮರಳು ಹೊಲಿಗೆಯೊಳಗೆ ಸೇರಿ ಪುಸ್ತಕದ ಬೆನ್ನು ಕಿತ್ತುಬರುತ್ತದೆ ಎಂಬುದು ಬೇರೆ.

ಪ್ರಶ್ನೆ: ಮಗಳಿಗೆ 11 ವರ್ಷ. ಇಂಗ್ಲಿಷ್ ಪುಸ್ತಕ ಗಬಗಬ ಓದುತ್ತಾಳೆ, ಕನ್ನಡ ಕೊಟ್ಟರೆ ಎರಡು ಪುಟಕ್ಕೆ ಬೇಸರ. ಬೇಸಿಗೆ ರಜೆಯಲ್ಲಿ ರೂಢಿ ಮಾಡಿಸುವುದು ಹೇಗೆ?
(ಓದುಗರು, ಡಲ್ಲಾಸ್. ಹೀಗೇ ಮೈಸೂರು, ಪುಣೆಯಿಂದಲೂ ಪತ್ರ ಬಂದಿವೆ.)

ಉತ್ತರ: ಬೇಸರ ಕತೆಯಿಂದಲ್ಲ, ವೇಗದಿಂದ. ಇಂಗ್ಲಿಷಿನಲ್ಲಿ ಹಾರಿಕೊಂಡು ಓದುವ ಮಗು ಕನ್ನಡದಲ್ಲಿ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತದೆ. ‘ಸ್ತ್ರ’, ‘ಕ್ಷ್ಮ’ ದಾಟುವಷ್ಟರಲ್ಲಿ ವಾಕ್ಯದ ತಲೆ ಮರೆತಿರುತ್ತದೆ. ಅದಕ್ಕೆ ವಯಸ್ಸಿಗೆ ತಕ್ಕ ಪುಸ್ತಕ ಕೊಡುವುದೇ ತಪ್ಪಾಗುತ್ತದೆ. ಒಂದು ಪುಟ ಗಟ್ಟಿಯಾಗಿ ಓದಿಸಿ, ತಡೆದ ಪ್ರತಿ ಪದಕ್ಕೂ ಒಂದು ಬೆರಳು ಮಡಚಿ. ಐದೂ ಬೆರಳು ಮಡಚಿದರೆ ಆ ಪುಸ್ತಕವನ್ನು ನೀವೇ ಓದಿ ಹೇಳಿ, ಅವಳ ಕೈಗೆ ಒಂದು ಮೆಟ್ಟಿಲು ಕೆಳಗಿನದ್ದು ಕೊಡಿ.

ಮೆಟ್ಟಿಲು ಗುರುತಿಸಲು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ ಅನುಕೂಲ. ಅಲ್ಲಿ ಕನ್ನಡ ಕತೆಗಳು ಉಚಿತ, ಡೌನ್‌ಲೋಡ್ ಮಾಡಿ ಮುದ್ರಿಸಿಕೊಳ್ಳಲೂಬಹುದು. ನಾಲ್ಕು ಹಂತಗಳಿವೆ. ಮೊದಲನೆಯದು 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ನಾಲ್ಕನೆಯದು ಅದಕ್ಕೂ ಉದ್ದ. 11 ವರ್ಷದವಳಿಗೆ ಮೊದಲ ಹಂತ ಕೊಟ್ಟರೆ ‘ಇದು ಪಾಪುಗಳ ಪುಸ್ತಕ’ ಎಂದು ಮೂಗು ಮುರಿಯುತ್ತಾಳೆ. ತಮ್ಮನಿಗೋ ಪಕ್ಕದ ಮನೆಯ ಮಗುವಿಗೋ ಓದಿ ಹೇಳುವ ಕೆಲಸ ಕೊಡಿ, ಆಗ ಮರ್ಯಾದೆಗೆ ಧಕ್ಕೆ ಇಲ್ಲ. ದಿನಕ್ಕೆ ಎರಡು ಕತೆ, 15 ನಿಮಿಷ. ಮೂರನೇ ವಾರಕ್ಕೆ ಎರಡನೇ ಹಂತ ಸಲೀಸಾಗುವುದು ಸಾಮಾನ್ಯ.

ಜೊತೆಗೆ ರಾತ್ರಿ ನೀವು ಓದಿ ಹೇಳಲು ತೇಜಸ್ವಿಯವರ ‘ಪರಿಸರದ ಕತೆ’ ಇರಲಿ. ಬಿಡಿ ಅಧ್ಯಾಯಗಳು, ಮಾತಿನಂಥ ಕನ್ನಡ, ಪ್ರಾಣಿಗಳು, ನಗು. ಕುತೂಹಲ ಏರಿದ ಜಾಗದಲ್ಲಿ ನಿದ್ದೆ ಬಂತೆಂದು ನಿಲ್ಲಿಸಿ, ಪುಸ್ತಕವನ್ನು ಅವಳ ಹಾಸಿಗೆ ಪಕ್ಕ ಬಿಟ್ಟು ಹೋಗಿ. ಸರಾಗ ಓದುವ ಮಕ್ಕಳಿಗೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೊಡಬಹುದು, ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂದಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟು ಓದಿಸುವುದು ಮಾತ್ರ ಬೇಡ. ಒಮ್ಮೆ ಆ ಊರುಗೋಲು ಹಿಡಿದರೆ ಬಿಡಿಸುವುದು ಕಷ್ಟ.

ಪ್ರಶ್ನೆ: ಬೂಕರ್ ಬಂದ ಬಾನು ಮುಷ್ತಾಕ್ ಕತೆಗಳನ್ನು ಇಂಗ್ಲಿಷಿನಲ್ಲಿ ಓದಬೇಕೋ ಕನ್ನಡದಲ್ಲೋ?
(ಓದುಗರು, ಹುಬ್ಬಳ್ಳಿ)

ಉತ್ತರ: ಕನ್ನಡ ಬಲ್ಲವರಿಗೆ ಕನ್ನಡದಲ್ಲೇ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ ದೀಪಾ ಭಾಸ್ತಿಯವರು ಆರಿಸಿ ಅನುವಾದಿಸಿದ 12 ಕತೆಗಳ ಪುಸ್ತಕ. ಮೂಲ ಕತೆಗಳು ಮೂರು ದಶಕಕ್ಕೂ ಹೆಚ್ಚು ಅವಧಿಯಲ್ಲಿ ಬರೆದವು, ಬೇರೆ ಬೇರೆ ಸಂಕಲನಗಳಲ್ಲಿವೆ. ಹಾಗಾಗಿ ಅಂಗಡಿಯಲ್ಲಿ ಪರಿವಿಡಿ ನೋಡಿ ಕೊಳ್ಳಿ. ದಿನಕ್ಕೆ ಒಂದೇ ಕತೆ ಓದಿ. ಒಂದರ ಹಿಂದೆ ಒಂದು ನಾಲ್ಕು ಓದಿದರೆ ಮನಸ್ಸು ಭಾರವಾಗಿ ಕತೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಪ್ರಶ್ನೆ: ಪುಸ್ತಕದ ಹೊರೆ ಬೇಡವೆಂದು ಫೋನಿಗೆ ಹಳೆಯ ಕಾದಂಬರಿಗಳ ಪಿಡಿಎಫ್ ಹಾಕಿಕೊಂಡಿದ್ದೇನೆ. ಓದಲು ಆಗುತ್ತಿಲ್ಲ, ಕಣ್ಣು ನೋವು.
(ಓದುಗರು, ಉಡುಪಿ)

ಉತ್ತರ: ಡೆಮಿ ಪುಟದ ಅಗಲ ಐದೂವರೆ ಅಂಗುಲ, ನಿಮ್ಮ ಫೋನಿನ ಪರದೆಯ ಅಗಲ ಸುಮಾರು ಎರಡೂಮುಕ್ಕಾಲು. ಸ್ಕ್ಯಾನ್ ಮಾಡಿದ ಪುಟ ಅರ್ಧಕ್ಕೆ ಕುಗ್ಗಿ ಒತ್ತಕ್ಷರಗಳು ಚುಕ್ಕಿಯಾಗುತ್ತವೆ. ಫೋನ್ ಅಡ್ಡ ಹಿಡಿಯಿರಿ, ಅಕ್ಷರ ಹೆಚ್ಚುಕಡಿಮೆ ಮೂಲದಷ್ಟೇ ಆಗುತ್ತದೆ, ಒಮ್ಮೆಗೆ ಪುಟದ ಮೂರನೇ ಒಂದು ಭಾಗವಷ್ಟೇ ಕಾಣುತ್ತದೆ. ದೀರ್ಘ ಓದಿಗೆ ಅಕ್ಷರದ ಗಾತ್ರ ಬದಲಿಸಬಹುದಾದ ಇ-ಪುಸ್ತಕವೇ ಸರಿ. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡದವು ಸಿಗುತ್ತವೆ. ಹೊರಡುವ ಹಿಂದಿನ ರಾತ್ರಿಯೇ ಇಳಿಸಿಕೊಂಡು, ನೆಟ್ ಆಫ್ ಮಾಡಿ ತೆರೆಯುತ್ತದೆಯೇ ನೋಡಿ. ಮಲೆನಾಡಿನ ಎಷ್ಟೋ ಕಡೆ ಸಿಗ್ನಲ್ ಇಲ್ಲ. ಇನ್ನು ಯಾರೋ ಕಳಿಸಿದ ವರ್ಡ್ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತಿದ್ದರೆ ಅದು ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನಲ್ಲಿ ಮಾಡಿದ್ದು. ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ಫೋನಿನಲ್ಲಿ ಓದಲಾಗದು.

ಪ್ರಶ್ನೆ: ಬಸ್ಸಿನಲ್ಲಿ ಓದಿದರೆ ವಾಂತಿ ಬಂದಂತಾಗುತ್ತದೆ. ಉಪಾಯ?
(ಓದುಗರು, ಚಿತ್ರದುರ್ಗ)

ಉತ್ತರ: ಘಾಟಿಯಲ್ಲಿ ಓದಬೇಡಿ. ಕಣ್ಣು ಅಲುಗಾಡದ ಪುಟ ನೋಡುತ್ತಿರುತ್ತದೆ, ಒಳಗಿವಿ ತಿರುವನ್ನು ಗ್ರಹಿಸುತ್ತಿರುತ್ತದೆ, ಎರಡರ ವರದಿ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಆಗುಂಬೆ, ಚಾರ್ಮಾಡಿಯಂಥ ಕಡೆ ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡುತ್ತ ಆಡಿಯೊ ಪುಸ್ತಕ ಕೇಳಿ. ನೇರ ಹೆದ್ದಾರಿಯಲ್ಲಿ ಹಾಸ್ಯ ಲೇಖನಗಳಂಥ ಮೂರು ನಾಲ್ಕು ಪುಟದ ಬರಹ ಪರವಾಗಿಲ್ಲ.

ಪ್ರಶ್ನೆ: ಆಗಸ್ಟ್‌ನಲ್ಲಿ ಚಾರಣಕ್ಕೆ ಹೋದಾಗ ಪುಸ್ತಕ ನೆನೆದುಹೋಯಿತು. ಉಳಿಸಬಹುದಿತ್ತೇ?
(ಓದುಗರು, ದಾವಣಗೆರೆ)

ಉತ್ತರ: ಖಂಡಿತ. ಬಿಸಿಲಿಗೆ ಇಡಬಾರದು, ಹಾಳೆ ಸುರುಟಿ ಬೆನ್ನಿನ ಗೋಂದು ಬಿರಿಯುತ್ತದೆ. ನೆನೆದ ಹಾಳೆಗಳನ್ನು ಒಂದೊಂದಾಗಿ ಬಿಡಿಸಲೂ ಹೋಗಬಾರದು, ಹರಿಯುತ್ತವೆ. ಮುಚ್ಚಿದಂತೆಯೇ ಟವೆಲಿನ ನಡುವೆ ಮೆಲ್ಲಗೆ ಒತ್ತಿ ನೀರು ತೆಗೆದು, ಆಮೇಲೆ ಸುಮಾರು 20 ಹಾಳೆಗೊಂದರಂತೆ ಬಿಳಿ ಕಾಗದ ಸೇರಿಸಿ ಫ್ಯಾನ್ ಕೆಳಗಿಡಿ. ಪತ್ರಿಕೆಯ ಕಾಗದ ಬೇಡ, ಮಸಿ ಅಂಟುತ್ತದೆ. ಸೇರಿಸಿದ ಕಾಗದ ಒದ್ದೆಯಾದ ಹಾಗೆಲ್ಲ ಬದಲಿಸುತ್ತಿರಿ. ಮುಕ್ಕಾಲು ಒಣಗಿದ ಮೇಲೆ ಮೇಲೊಂದು ಭಾರ ಇಟ್ಟರೆ ಅಲೆಅಲೆಯಾಗುವುದು ಕಡಿಮೆ. ನುಣುಪು ಕಾಗದದ ಚಿತ್ರಪುಟಗಳಿದ್ದರೆ ಮೊದಲು ಅವುಗಳ ನಡುವೆ ಕಾಗದ ಸೇರಿಸಿ, ಒಣಗುತ್ತ ಒಂದಕ್ಕೊಂದು ಅಂಟಿದರೆ ಮತ್ತೆ ಬಿಡಿಸಲಾಗದು. ತಂಗಿದಲ್ಲಿ ಫ್ಯಾನ್ ಇಲ್ಲ, ಫ್ರೀಜರ್ ಇದೆ ಎಂದಾದರೆ ಜಿಪ್ ಕವರಿಗೆ ಹಾಕಿ ಅದರೊಳಗಿಡಿ, ಬೂಷ್ಟು ಹಿಡಿಯುವುದಿಲ್ಲ. ಮನೆಗೆ ಬಂದು ನಿಧಾನವಾಗಿ ಒಣಗಿಸಬಹುದು.