ಶೇಂಗಾ ಚಟ್ನಿಪುಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿದೆ, ಬಹುಪಾಲು ಮಾಲು ಅಂಗಡಿ ಸೇರಿದೆ. ವಾಪಸ್ ತರಿಸಲೇಬೇಕೇ?

ನೀವು ಬರೆದಿರುವುದು ಇಷ್ಟು: 300 ಕೆ.ಜಿ. ಬ್ಯಾಚಿನಲ್ಲಿ 90 ಕೆ.ಜಿ. ಗೋದಾಮಿನಲ್ಲಿದೆ, ಉಳಿದ 210 ಕೆ.ಜಿ. ಅಂದರೆ 200 ಗ್ರಾಂನ 1,050 ಪ್ಯಾಕೆಟ್ ಅಂಗಡಿಗಳಿಗೆ ಹೋಗಿವೆ. ಲ್ಯಾಬ್ ವರದಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕೆ.ಜಿ.ಗೆ 38 ಮೈಕ್ರೊಗ್ರಾಂ. ದೂರು ಒಂದೂ ಬಂದಿಲ್ಲ. ‘ಸುಮ್ಮನಿರಿ, ಹದಿನೈದು ದಿನದಲ್ಲಿ ಖಾಲಿಯಾಗುತ್ತೆ’ ಅಂತ ವಿತರಕರು ಹೇಳುತ್ತಿದ್ದಾರೆ. ದೀಪಾವಳಿಗೆ ಮುಂಚೆ ಹನ್ನೆರಡು ಹೆಣ್ಣುಮಕ್ಕಳ ಸಂಬಳ, ಬೋನಸ್ ಆಗಬೇಕು.

ತರಿಸಲೇಬೇಕು, ಇವತ್ತಿನಿಂದಲೇ. ಆದರೆ ನಿಮ್ಮ ನಿಜವಾದ ಇಕ್ಕಟ್ಟು ಅಲ್ಲಿಲ್ಲ. ವಾಪಸ್ ತರಿಸುತ್ತೇನೆ ಅಂತ ಮನಸ್ಸು ಮಾಡಿದ ಮೇಲೆ ‘ಇಷ್ಟು ಮಾಡಿದರೆ ನಷ್ಟ ತಪ್ಪುತ್ತಲ್ಲ’ ಅನ್ನುವ ಮೂರು ಹಿಂಬಾಗಿಲು ತೆರೆದುಕೊಳ್ಳುತ್ತವೆ. ಈ ಧಂದೆಯಲ್ಲಿ ಒಳ್ಳೆಯವರೂ ಜಾರುವುದು ಅಲ್ಲೇ.

ಮೊದಲು ಅಪಾಯದ ಅಳತೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ. ಒಬ್ಬರು ದಿನಕ್ಕೆ 15 ಗ್ರಾಂ ಪುಡಿ ತಿಂದರೆ ಒಳಗೆ ಹೋಗುವುದು ಸುಮಾರು 0.57 ಮೈಕ್ರೊಗ್ರಾಂ. ಇದರಿಂದ ಯಾರಿಗೂ ನಾಳೆ ವಾಂತಿಯಾಗುವುದಿಲ್ಲ. ದೂರು ಬರದಿರುವುದಕ್ಕೆ ಕಾರಣವೇ ಅದು. ಅದನ್ನು ಮಾಲು ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ. ಅಫ್ಲಾಟಾಕ್ಸಿನ್ ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ, ಹೆಪಟೈಟಿಸ್-ಬಿ ಇರುವವರಲ್ಲಿ ಅದರ ಪ್ರಭಾವ ಸುಮಾರು 30 ಪಟ್ಟು. ಕೊಂಡವರಲ್ಲಿ ಅಂಥವರು ಯಾರು ಅಂತ ನಿಮಗೂ ಗೊತ್ತಿಲ್ಲ, ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ. ಹಾಗಂತ ಟಿವಿಯಲ್ಲಿ ಜಾಹೀರಾತು ಕೊಡುವಂಥ ತುರ್ತಲ್ಲ. ಕಪಾಟಿನಿಂದ ಮಾಲು ಇಳಿಸಬೇಕು, ಅಂಗಡಿಯಲ್ಲಿ ಒಂದು ಸೂಚನೆ ಅಂಟಿಸಬೇಕು.

‘ಹುರಿದಿದ್ದೀವಲ್ಲ’ ಅನ್ನುವ ಸಮಾಧಾನವೂ ಬೇಡ. ಹುರಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟುಹೋದ ವಿಷ ಸ್ವಲ್ಪ ಇಳಿದರೂ ಬಹುಪಾಲು ಉಳಿಯುತ್ತದೆ. ಅದು ಪೂರ್ತಿ ಒಡೆಯಲು ಬೇಕಾದ ಬಿಸಿಗೆ ಶೇಂಗಾ ಸೀದು ಇದ್ದಲಾಗಿರುತ್ತದೆ.

ಮಿತಿಯ ವಿಷಯದಲ್ಲಿ ಯಾರಾದರೂ ನಿಮಗೆ ‘ಇದು ಮಸಾಲೆ ಪದಾರ್ಥ ಅಂತ ತೋರಿಸಿ’ ಎಂದು ಸಲಹೆ ಕೊಟ್ಟೇ ಕೊಡುತ್ತಾರೆ. ನೇರವಾಗಿ ತಿನ್ನುವ ಕಾಯಿ-ಬೀಜಗಳಿಗೆ ಕೆ.ಜಿ.ಗೆ 10 ಮೈಕ್ರೊಗ್ರಾಂ, ಮುಂದೆ ಸಂಸ್ಕರಿಸುವಂಥವಕ್ಕೆ 15, ಮಸಾಲೆಗಳಿಗೆ 30 ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಿತಿ ಇಟ್ಟಿದೆ. ನಿಮ್ಮದು 38. ಯಾವ ಖಾನೆಗೆ ತಳ್ಳಿದರೂ ಹೊರಗೇ ಉಳಿಯುತ್ತದೆ, ಆ ವಾದಕ್ಕೆ ಸಮಯ ಹಾಳುಮಾಡಬೇಡಿ.

ಮೊದಲ ಹಿಂಬಾಗಿಲು, ಮರುಪರೀಕ್ಷೆ. ಒಂದು ಸಲ ಮಾಡಿಸುವುದು ನ್ಯಾಯವೇ. ಮೊದಲ ವರದಿ ಎಲೈಸಾ ಎಂಬ ಶೀಘ್ರ ಪರೀಕ್ಷೆಯ ಕಿಟ್‌ನದ್ದಾಗಿದ್ದರೆ ಮೆಣಸಿನಪುಡಿ ಇರುವ ಪದಾರ್ಥದಲ್ಲಿ ಅದು ಏರುಪೇರು ತೋರಿಸಬಹುದು. ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಲ್ಯಾಬ್ ಮಂಡಳಿಯ ಮಾನ್ಯತೆಯ, ಎಫ್‌ಎಸ್‌ಎಸ್‌ಎಐ ಅಧಿಸೂಚಿತ ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ ಅಥವಾ ಎಲ್‌ಸಿ-ಎಂಎಸ್ ಎಂಬ ಹೆಚ್ಚು ನಿಖರ ವಿಧಾನದಲ್ಲಿ ಖಾತ್ರಿ ಮಾಡಿಸಿ. ನಿಯಮ ಒಂದೇ: ಎಷ್ಟು ಬಂದರೆ ಏನು ಮಾಡುತ್ತೇನೆ ಎಂದು ಸ್ಯಾಂಪಲ್ ಕಳಿಸುವ ಮೊದಲೇ ಬರೆದಿಟ್ಟು ಸಹಿ ಹಾಕಿ. ಫಲಿತಾಂಶ ಬರುವವರೆಗೆ ಮಾರಾಟ ನಿಂತಿರಲಿ. ಪಾಸಾಗುವವರೆಗೆ ಮೂರು ನಾಲ್ಕು ಲ್ಯಾಬ್ ಸುತ್ತುವುದು ಪರೀಕ್ಷೆ ಅನ್ನಿಸಿಕೊಳ್ಳುವುದಿಲ್ಲ.

ಇಲ್ಲೊಂದು ತಾಂತ್ರಿಕ ಸೂಕ್ಷ್ಮವಿದೆ. ಅಫ್ಲಾಟಾಕ್ಸಿನ್ ಎಲ್ಲ ಬೀಜಗಳಲ್ಲೂ ಸಮವಾಗಿ ಇರುವುದಿಲ್ಲ. ಸಾವಿರ ಬೀಜ ಶುದ್ಧ, ಒಂದರಲ್ಲಿ ವಿಪರೀತ ಅನ್ನುವಂತಿರುತ್ತದೆ. ಸಂಸ್ಕರಣೆಗೆ ಹೋಗುವ ಶೇಂಗಾ ಬೀಜಕ್ಕೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ 20 ಕೆ.ಜಿ. ಸ್ಯಾಂಪಲ್ ಕೇಳುವುದು ಅದಕ್ಕೇ. ಚೀಲದಿಂದ ಒಂದು ಬೊಗಸೆ ತೆಗೆದು ಮಾಡಿಸಿದ, ನಿಮಗೆ ಶೇಂಗಾ ಕೊಟ್ಟ ಅಡತಿಯವರ ‘ಓಕೆ ರಿಪೋರ್ಟ್’ಗೆ ಹೆಚ್ಚು ಬೆಲೆಯಿಲ್ಲ. ಪುಡಿಯಲ್ಲಿ ಬೀಸುವಾಗಲೇ ಎಲ್ಲ ಬೆರೆತಿರುತ್ತದೆ, ಹಾಗಾಗಿ ನಿಮ್ಮ 38 ಅನ್ನು ಅಡತಿಯವರ ಕಾಗದಕ್ಕಿಂತ ಹೆಚ್ಚು ನಂಬಬೇಕು.

ಎರಡನೆಯದು, ಬೆರಕೆ. ಶುದ್ಧ ಬ್ಯಾಚಿನ ಐದು ಪಾಲಿಗೆ ಇದರ ಒಂದು ಪಾಲು ಸೇರಿಸಿದರೆ ಸಂಖ್ಯೆ 10ರ ಒಳಗೆ ಬರುತ್ತದೆ, ಕಾಗದದ ಮೇಲೆ ಎಲ್ಲ ಸರಿ. ಆದರೆ ವಿಷದ ಒಂದು ಮೈಕ್ರೊಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ, ತಿನ್ನುವವರ ಸಂಖ್ಯೆ ಹೆಚ್ಚಿರುತ್ತದೆ ಅಷ್ಟೆ. ಮಿತಿ ಮೀರಿದ ಮಾಲನ್ನು ಒಳ್ಳೆಯದಕ್ಕೆ ಬೆರೆಸುವುದನ್ನು ಐರೋಪ್ಯ ಒಕ್ಕೂಟ ಕಾನೂನಿನಲ್ಲೇ ನಿಷೇಧಿಸಿದೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು, ಯಾಕೆಂದರೆ ಅದು ಪುಣ್ಯದ ಕೆಲಸದ ಹಾಗೆ ಕಾಣುತ್ತದೆ: ‘ದನಕ್ಕೆ ಹಾಕೋಣ, ಹಾಳು ಮಾಡೋದ್ಯಾಕೆ?’ ಅಫ್ಲಾಟಾಕ್ಸಿನ್ ಪತ್ತೆಯಾಗಿದ್ದೇ ಮೇವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಕಾರಣ ಹುಡುಕುತ್ತಾ ಹೋದಾಗ ಈ ವಿಷ ಸಿಕ್ಕಿತು. ಈ ವಿಷದ ಮುಖ್ಯ ರೂಪ ಬಿ1. ಹಸು ತಿಂದ ಬಿ1ರಲ್ಲಿ ಸಾಮಾನ್ಯವಾಗಿ 1ರಿಂದ 3 ಶೇಕಡಾ ಎಂ1 ಎಂಬ ಇನ್ನೊಂದು ರೂಪ ತಾಳಿ ಹಾಲಿಗೆ ಇಳಿಯುತ್ತದೆ. ಹಾಲಿಗೆ ಮಿತಿ ಕೆ.ಜಿ.ಗೆ ಬರೀ 0.5 ಮೈಕ್ರೊಗ್ರಾಂ, ಕಾಯಿಸಿದರೆ ಹೋಗುವುದಿಲ್ಲ. ಎಫ್‌ಎಸ್‌ಎಸ್‌ಎಐನ 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಸ್ಯಾಂಪಲ್‌ಗಳಲ್ಲಿ 5.7 ಶೇಕಡಾ ಈ ಮಿತಿ ದಾಟಿದ್ದವು. ಗಾಣಕ್ಕೆ ಕೊಡುವುದೂ ಅದೇ ದಾರಿ: ಎಣ್ಣೆ ಹೋದ ಮೇಲೆ ವಿಷ ಹಿಂಡಿಯಲ್ಲಿ ಸಾಂದ್ರವಾಗಿ ಕೂರುತ್ತದೆ, ರಿಫೈನ್ ಮಾಡದ ಗಾಣದ ಎಣ್ಣೆಗೂ ಒಂದಿಷ್ಟು ಬರುತ್ತದೆ. ಕೆಲಸದವರಿಗೆ ಹಂಚುವುದು, ಹಾಸ್ಟೆಲ್ಲಿಗೆ ದಾನ ಕೊಡುವುದು, ಇವುಗಳ ಬಗ್ಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಕೆಲಸ. ಗೋದಾಮಿನ 90 ಕೆ.ಜಿ.ಯನ್ನು ಬೇರೆ ಕಡೆ ಇಟ್ಟು ಬೀಗ ಹಾಕಿ, ‘ಮಾರಾಟಕ್ಕಲ್ಲ’ ಎಂದು ಬ್ಯಾಚ್ ಸಂಖ್ಯೆಯ ಜೊತೆ ಬರೆದು ಅಂಟಿಸಿ. ಇನ್‌ವಾಯ್ಸ್ ನೋಡಿ ಯಾವ ಅಂಗಡಿಗೆ ಎಷ್ಟು ಹೋಯಿತು ಎಂದು ಪಟ್ಟಿ ಮಾಡಿ. ವಿತರಕರ ‘ಒಟ್ಟು ಇಷ್ಟು ಬಾಕ್ಸ್’ ಲೆಕ್ಕ ಸಾಲದು, ಅಂಗಡಿವಾರು ಬೇಕು. ಒಂದೇ ಚೀಲದ ಶೇಂಗಾ ಹಿಂದಿನ ಅಥವಾ ಮುಂದಿನ ಬ್ಯಾಚಿಗೂ ಹೋಗಿದೆಯೇ ನೋಡಿ. ಸಣ್ಣ ಘಟಕಗಳು ಎಡವುವುದು ಹೆಚ್ಚಾಗಿ ಇಲ್ಲೇ, ಪ್ಯಾಕೆಟ್‌ನ ದಾಖಲೆ ಇರುತ್ತದೆ, ಕಚ್ಚಾ ಮಾಲಿನದು ಇರುವುದಿಲ್ಲ. 2017ರ ಆಹಾರ ಹಿಂಪಡೆಯುವಿಕೆ ನಿಯಮಗಳ ಪ್ರಕಾರ 24 ಗಂಟೆಯೊಳಗೆ ಕೆಲಸ ಶುರುವಾಗಿ ಪ್ರಾಧಿಕಾರಕ್ಕೆ ತಿಳಿಸಿರಬೇಕು. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಇಮೇಲ್ ಮಾಡಿ, ಫೋನೂ ಮಾಡಿ. ವಿತರಕರಿಗೆ ಕಳಿಸುವ ಸಂದೇಶದಲ್ಲಿ ಉತ್ಪನ್ನದ ಹೆಸರು, ಬ್ಯಾಚ್, ತಯಾರಿಕೆ ದಿನಾಂಕ, ಕಾರಣ, ಹಣ ವಾಪಸ್ ಹೇಗೆ, ಇಷ್ಟಿರಲಿ. ‘ಗುಣಮಟ್ಟದ ಸಣ್ಣ ಸಮಸ್ಯೆ’ ಎಂದು ಬರೆದರೆ ಅಂಗಡಿಯವರು ಪ್ಯಾಕೆಟ್ ಇಳಿಸುವುದಿಲ್ಲ, ಅರ್ಧ ಬೆಲೆಗೆ ಮಾರುತ್ತಾರೆ. ಅಫ್ಲಾಟಾಕ್ಸಿನ್ ಎಂದೇ ಬರೆಯಿರಿ.

ಬಂದದ್ದನ್ನು ಎಣಿಸಿ, ಬಾರದ್ದನ್ನೂ ಬರೆಯಿರಿ. ನಾಶ ಮಾಡುವ ವಿಧಾನವನ್ನು ಅಧಿಕಾರಿಯನ್ನೇ ಕೇಳಿ, ತೂಕ ಮತ್ತು ಫೋಟೊ ದಾಖಲಿಸಿ. ಎಸೆಯುವ ಮೊದಲು ಪ್ಯಾಕೆಟ್ ಹರಿದು ಪುಡಿಗೆ ಸುಣ್ಣದ ನೀರು ಬೆರೆಸಿ ಯಾರೂ ಎತ್ತಿಕೊಳ್ಳದಂತೆ ಮಾಡಿ.

ದುಡ್ಡಿನ ಲೆಕ್ಕ: ನೀವು ಹೇಳಿದ 65 ರೂಪಾಯಿ ವಿತರಕರ ಬೆಲೆಯಲ್ಲಿ 1,050 ಪ್ಯಾಕೆಟ್ಟೂ ಬಂದರೆ 68,250. ಗೋದಾಮಿನ 90 ಕೆ.ಜಿ. ಅಸಲು, ಕೆ.ಜಿ.ಗೆ 220ರಂತೆ, 19,800. ಸಾಗಣೆ, ಪರೀಕ್ಷೆ ಸೇರಿ ಒಂದು ಲಕ್ಷದ ಆಸುಪಾಸು. ಇನ್ನೊಂದು ಕಡೆ, ಮಿತಿ ಮೀರಿದ ಕಲ್ಮಶವಿರುವ ಆಹಾರವು ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ‘ಅಸುರಕ್ಷಿತ’. ಯಾರಿಗೂ ಹಾನಿಯಾಗದಿದ್ದರೂ 59ನೇ ಕಲಮಿನಡಿ ಜೈಲು ಮತ್ತು ದಂಡ ಎರಡಕ್ಕೂ ಅವಕಾಶವಿದೆ. ಎಲ್ಲ ಎಚ್ಚರಿಕೆ ವಹಿಸಿದ್ದೆ ಎಂಬ 80ನೇ ಕಲಮಿನ ರಕ್ಷಣೆ ವರದಿ ಕೈಯಲ್ಲಿಟ್ಟುಕೊಂಡು ಮಾರಿದವರಿಗೆ ದಕ್ಕುವುದು ಕಷ್ಟ. ಆ ವರದಿಗೆ ದಿನಾಂಕ ಇದೆ, ವಿತರಕರ ವಾಟ್ಸಾಪ್ ಮಾತಿಗೂ ಇದೆ.

ಸಂಬಳವನ್ನು ಈ ತಕ್ಕಡಿಗೆ ಹಾಕಬೇಡಿ. ವಾಪಸಾತಿ ಹಣವನ್ನು ಮುಂದಿನ ಮಾಲಿನ ಬಿಲ್ಲಿನಲ್ಲಿ ಮೂರು ಕಂತಾಗಿ ಹೊಂದಿಸಿಕೊಳ್ಳಲು ವಿತರಕರು ಸಾಮಾನ್ಯವಾಗಿ ಒಪ್ಪುತ್ತಾರೆ, ಅವರಿಗೂ ನಿಮ್ಮ ಮಾಲು ಬೇಕು. ಸಂಬಳಕ್ಕೆ ಕಂತಿಲ್ಲ. ಹೆಣ್ಣುಮಕ್ಕಳಿಗೆ ವಿಷಯ ನೀವೇ ಹೇಳಿ, ಅಂಗಡಿಯವರ ಬಾಯಿಂದ ಕೇಳುವಂತಾಗಬಾರದು.

ಅಡತಿ ವ್ಯಾಪಾರಿಗೂ ಬರೆದು ತಿಳಿಸಿ. ಅದೇ ಲಾಟು ಬೇರೆಯವರಿಗೂ ಹೋಗಿರುತ್ತದೆ. ಅವರು ನಿಮ್ಮ ಪ್ರತಿಸ್ಪರ್ಧಿಗಳಾದರೂ ಈ ಮಾತು ಅವರಿಗೆ ತಲುಪಬೇಕು. ಸಾರ್ವಜನಿಕವಾಗಿ ವ್ಯಾಪಾರಿಯ ಹೆಸರು ಹಾಕಬೇಡಿ, ಅಧಿಕಾರಿಗೆ ಕೊಡಿ. ಬಿಲ್ಲಿನಲ್ಲಿ ಅಥವಾ ಫಾರಂ-ಇ ಖಾತರಿ ಪತ್ರದಲ್ಲಿ ಗುಣಮಟ್ಟದ ಭರವಸೆ ಇದ್ದರೆ ನಷ್ಟ ಕೇಳಲು ಆಧಾರವಿದೆ. ಬಿಲ್ಲೇ ಇಲ್ಲದೆ ಕೊಂಡಿದ್ದರೆ ಆ ಬಾಗಿಲು ಮುಚ್ಚಿತು.

ಮುಂದಿನ ಖರೀದಿಗೆ: ಕಾಯಿ ಬಲಿಯುವ ಹೊತ್ತಿಗೆ ಬರ ಬಿದ್ದ, ಅಥವಾ ಕಿತ್ತ ಮೇಲೆ ಮಳೆಗೆ ಸಿಕ್ಕ ಶೇಂಗಾದಲ್ಲಿ ಅಪಾಯ ಜಾಸ್ತಿ. ಬೀಜದ ತೇವಾಂಶ 7 ಶೇಕಡಾ ದಾಟಿದ್ದರೆ ಬೇಡ ಅನ್ನಿ. ಹುರಿದು ಸಿಪ್ಪೆ ತೆಗೆದ ಮೇಲೆ ಒಂದು ಸಲ ಕೈಯಲ್ಲಿ ಆರಿಸಿ. ಬಣ್ಣ ಕೆಟ್ಟ, ಸುಕ್ಕುಗಟ್ಟಿದ, ಸಿಪ್ಪೆ ಬಿಡದ ಬೀಜಗಳಲ್ಲೇ ವಿಷ ಹೆಚ್ಚು, ಇದೊಂದು ಹಂತದಿಂದಲೇ ಪ್ರಮಾಣ ಬಹಳ ಇಳಿಯುತ್ತದೆ. ಆರಿಸಿ ತೆಗೆದದ್ದು ಗಾಣಕ್ಕಾಗಲಿ ಯಾರ ಮನೆಯ ಎಮ್ಮೆಗಾಗಲಿ ಹೋಗದಂತೆ ದಿನಾ ಸಂಜೆ ತೂಗಿ, ಬರೆದಿಟ್ಟು, ನಾಶಮಾಡಿ.